ಒಂದೇ ಕಣ್ಣು, ಎರಡು ಫೋಟೊ, ಎರಡು ಅಳತೆ: ರೆಟಿನಾ ರಕ್ತನಾಳದ ಅಗಲವನ್ನು ಎಷ್ಟು ನಂಬಬಹುದು?

ಅಂತರಗಂಗೆ_07 (ಕೋಲಾರ)

ಎಲ್ಲರಿಗೂ ನಮಸ್ಕಾರ. ಬಿ.ಪಿ. ಇರುವ 40 ಜನರ ಫಂಡಸ್ ಫೋಟೊದಲ್ಲಿ (ಕಣ್ಣಿನೊಳಗಿನ ಹಿಂಭಾಗದ, ಅಂದರೆ ರೆಟಿನಾದ ಫೋಟೊ) ರಕ್ತನಾಳದ ಅಗಲ ಅಳೆಯುವ ಕೆಲಸ ನಡೆದಿದೆ. ಮಾತ್ರೆ ಶುರು ಮಾಡಿ 6 ತಿಂಗಳಾದ ಮೇಲೆ ಅಪಧಮನಿಗಳು ಅಗಲವಾಗುತ್ತವೆಯೇ ಅಂತ ನೋಡಬೇಕು. ಕ್ಯಾಮೆರಾ 45 ಡಿಗ್ರಿಯದು, ಚಿತ್ರ ಅಡ್ಡಕ್ಕೆ ಸುಮಾರು 2000 ಪಿಕ್ಸೆಲ್. ಡಿಸ್ಕ್ (ದೃಷ್ಟಿನರ ಕಣ್ಣಿನಿಂದ ಹೊರಡುವ ದುಂಡನೆಯ ಜಾಗ) ಅಂಚಿನಿಂದ ಅರ್ಧ ಡಿಸ್ಕ್ ವ್ಯಾಸ ಬಿಟ್ಟು, ಒಂದು ಡಿಸ್ಕ್ ವ್ಯಾಸದವರೆಗಿನ ಉಂಗುರದಲ್ಲಿ, ಅಂದರೆ ಜೋನ್ ಬಿ ಒಳಗೆ, ಆರು ದೊಡ್ಡ ಅಪಧಮನಿ ಮತ್ತು ಆರು ದೊಡ್ಡ ಅಭಿಧಮನಿ ಅಳೆದು ನುಡ್ಸನ್ ಸೂತ್ರದಿಂದ ಸಿ.ಆರ್.ಎ.ಇ. (ಆರು ಅಪಧಮನಿಗಳ ಅಗಲ ಸೇರಿಸಿದ ಒಂದು ಸಂಖ್ಯೆ), ಸಿ.ಆರ್.ವಿ.ಇ. (ಅಭಿಧಮನಿಗಳಿಗೆ ಅಂಥದೇ ಸಂಖ್ಯೆ) ತೆಗೆಯುತ್ತೇವೆ.

ತೊಡಕು ಇದು. ಒಂದೇ ಫೋಟೊಗಳನ್ನು ಇಬ್ಬರು ಗ್ರೇಡರ್‌ಗಳು (ಫೋಟೊ ಅಳೆಯುವವರು) ಅಳೆದರೆ ಐಸಿಸಿ (ಅಳತೆಗಳ ಹೊಂದಿಕೆ ಹೇಳುವ ಸಂಖ್ಯೆ, 1 ಅಂದರೆ ಪೂರ್ತಿ ಹೊಂದಿಕೆ) 0.96. ಅಲ್ಲಿಗೆ ಎಲ್ಲ ಸರಿ ಅಂದುಕೊಂಡಿದ್ದೆವು. ಪ್ರಯೋಗಕ್ಕೆಂದು ಐದು ಜನರಿಗೆ ಒಂದು ವಾರ ಬಿಟ್ಟು ಮತ್ತೆ ಫೋಟೊ ತೆಗೆದಾಗ (ಮಾತ್ರೆ ಬದಲಾಗಿಲ್ಲ, ಬಿ.ಪಿ.ಯೂ ಹೆಚ್ಚುಕಡಿಮೆ ಅಷ್ಟೇ) ಸಿ.ಆರ್.ಎ.ಇ. ವ್ಯತ್ಯಾಸ 9, −4, 6, −11, 3 ಮೈಕ್ರಾನ್ ಬಂತು. ಹೀಗಾದರೆ 6 ತಿಂಗಳಿಗೆ 8 ಮೈಕ್ರಾನ್ ಏರಿತು ಅಂತ ಬರೆಯುವುದು ಹೇಗೆ? ತಪ್ಪು ಸಾಫ್ಟ್‌ವೇರಿನದೋ, ಕ್ಯಾಮೆರಾದ್ದೋ, ಕಣ್ಣಿನದೋ? ಮುಂದಿನ ತಿಂಗಳು ಓಸಿಟಿ ಆಂಜಿಯೋ ಯಂತ್ರ (ರೆಟಿನಾವನ್ನು ಸ್ಕ್ಯಾನ್ ಮಾಡಿ ರಕ್ತದ ಹರಿವು ತೋರಿಸುವುದು) ಬರುತ್ತದಂತೆ. ಇದನ್ನು ಬಿಟ್ಟು ಅದಕ್ಕೆ ಹೋಗುವುದು ಒಳ್ಳೆಯದೇ?

ದುರ್ಗದಹಳ್ಳಿ (ತುಮಕೂರು)

ನಿಮ್ಮ 0.96 ಸುಳ್ಳಲ್ಲ. ಅದು ಉತ್ತರ ಕೊಟ್ಟಿರುವ ಪ್ರಶ್ನೆ ಬೇರೆ, ನಿಮಗೆ ಬೇಕಾದ ಪ್ರಶ್ನೆ ಬೇರೆ, ಅಷ್ಟೆ. ಒಂದೇ ಫೋಟೊವನ್ನು ಇಬ್ಬರು ಓದಿದಾಗ ಫೋಕಸ್ಸು, ಬೆಳಕು, ಪಾಪೆ, ನಾಡಿ ಬಡಿತ ಎಲ್ಲ ಆ ಚಿತ್ರದಲ್ಲಿ ಹೆಪ್ಪುಗಟ್ಟಿ ಕೂತಿರುತ್ತವೆ. ಆ ಪರೀಕ್ಷೆಗೆ ಒಳಗಾಗುವುದು ಗ್ರೇಡರ್ ಕೈ ಮಾತ್ರ. ಅದೇ ಕೂರಿಕೆಯಲ್ಲಿ ಗದ್ದ ಎತ್ತಿಸಿ ಮತ್ತೆ ಇರಿಸಿ ಇನ್ನೊಂದು ಫೋಟೊ ತೆಗೆದರೆ ಕ್ಯಾಮೆರಾ ಹಿಡಿಯುವ ಕೈ ಪರೀಕ್ಷೆಗೆ ಬರುತ್ತದೆ. ಇನ್ನೊಂದು ದಿನ ತೆಗೆದರೆ ದೇಹವೂ ಸೇರಿಕೊಳ್ಳುತ್ತದೆ. 6 ತಿಂಗಳ ಬದಲಾವಣೆ ಹೇಳಬೇಕಾದರೆ ಈ ಕೊನೆಯದೇ ಲೆಕ್ಕಕ್ಕೆ ಬರುವುದು. ಬಹಳಷ್ಟು ಥೀಸಿಸ್‌ಗಳಲ್ಲಿ ಮೊದಲನೆಯದನ್ನು ಅಳೆದು ಮೂರನೆಯದಕ್ಕೆ ಸರ್ಟಿಫಿಕೇಟ್ ಕೊಟ್ಟುಕೊಂಡಿರುತ್ತಾರೆ.

ಇನ್ನು ಎಲ್ಲಿ ಎಷ್ಟು ಜಾರುತ್ತದೆ ಅನ್ನೋದು. 45 ಡಿಗ್ರಿ ಅಂದರೆ ರೆಟಿನಾದ ಮೇಲೆ ಸುಮಾರು 13 ಮಿ.ಮೀ. ಅದನ್ನು 2000 ಪಿಕ್ಸೆಲ್‌ಗೆ ಹಂಚಿದರೆ ಒಂದು ಪಿಕ್ಸೆಲ್‌ಗೆ 6.5 ಮೈಕ್ರಾನ್. 100 ಮೈಕ್ರಾನ್ ನಾಳ ನಿಮ್ಮ ಪರದೆಯ ಮೇಲೆ 15 ಪಿಕ್ಸೆಲ್ ಮಾತ್ರ. ಎರಡು ಅಂಚಿನಲ್ಲೂ ಅರ್ಧರ್ಧ ಪಿಕ್ಸೆಲ್ ಆಚೆ ಸರಿದರೆ ಅಲ್ಲೇ 6.5 ಮೈಕ್ರಾನ್ ಹೋಯಿತು.

ಸೂತ್ರವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ, ಯಾವ ತಪ್ಪು ಎಷ್ಟು ಕಡಿಯುತ್ತದೆ ಅಂತ ಗೊತ್ತಾಗುತ್ತದೆ. 2003ರಲ್ಲಿ ನುಡ್ಸನ್ ಮತ್ತು ಜೊತೆಯವರು ಕೊಟ್ಟ ರೀತಿ: ಅತಿ ದೊಡ್ಡದಕ್ಕೆ ಅತಿ ಚಿಕ್ಕದನ್ನು ಜೋಡಿ ಮಾಡಿ, ಎರಡರ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, ಅಪಧಮನಿಯಾದರೆ 0.88ರಿಂದ, ಅಭಿಧಮನಿಯಾದರೆ 0.95ರಿಂದ ಗುಣಿಸುವುದು. ಆರು ಇದ್ದದ್ದು ಮೂರಾಗುತ್ತದೆ. ಮೂರರಲ್ಲಿ ನಡುವಿನದು ಹಾಗೇ ಮುಂದಕ್ಕೆ, ಉಳಿದೆರಡು ಜೋಡಿ. ಕೊನೆಗೆ ಒಂದೇ ಸಂಖ್ಯೆ.

118, 104, 96, 88, 79, 70 ಇದ್ದರೆ ಮೊದಲ ಸುತ್ತಿಗೆ 120.7, 114.9, 114.6 ಬರುತ್ತದೆ, ಕೊನೆಗೆ ಸಿ.ಆರ್.ಎ.ಇ. 163.9. ಈಗ ಆರನೆಯದು (70) ಕಣ್ತಪ್ಪಿ, ಅದರ ಜಾಗಕ್ಕೆ ಏಳನೆಯದಾದ 58 ಸೇರಿತು ಅನ್ನಿ. ಉತ್ತರ 161.7. ಎರಡು ಮೈಕ್ರಾನ್ ಹೆಚ್ಚುಕಡಿಮೆ, ಬಿಟ್ಟುಬಿಡಬಹುದು. ಆದರೆ ಅತಿ ದೊಡ್ಡದಾದ 118 ಅನ್ನು ಯಾರೋ ಅಭಿಧಮನಿ ಅಂತ ಗುರುತು ಹಾಕಿ, 58 ಒಳಗೆ ಬಂದರೆ? 146.8. ಒಂದೇ ಕ್ಲಿಕ್ಕಿಗೆ 17 ಮೈಕ್ರಾನ್ ಕುಸಿತ. ಅದೇ ಕ್ಲಿಕ್ಕು ಅಭಿಧಮನಿಗಳ ಲೆಕ್ಕವನ್ನೂ ಕೆಡಿಸಬಹುದು.

ಆದ್ದರಿಂದ ನಿಮ್ಮ 9 ಮತ್ತು −11 ಬಂದ ಇಬ್ಬರ ಎರಡೂ ಫೋಟೊ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಅದೇ ಆರು ನಾಳಗಳೇ ಆಯ್ಕೆಯಾಗಿವೆಯೇ ಅಂತ ಮೊದಲು ನೋಡಿ. ಅಳತೆಗೆ ಹಸಿರು ಚಾನೆಲ್ ಬಳಸಿ, ಅಲ್ಲಿ ಹಿಮೋಗ್ಲೋಬಿನ್ ಬೆಳಕನ್ನು ಚೆನ್ನಾಗಿ ಹೀರುವುದರಿಂದ ಅಂಚು ಎದ್ದು ಕಾಣುತ್ತದೆ. ಯಾವುದು ಅಪಧಮನಿ ಅನ್ನುವ ಅನುಮಾನಕ್ಕೆ ಮಾತ್ರ ಕೆಂಪು ಚಾನೆಲ್ ತೆರೆಯಿರಿ: ಆಮ್ಲಜನಕ ಕಳೆದುಕೊಂಡ ರಕ್ತ ಅಲ್ಲೂ ಕಪ್ಪಾಗಿ ಉಳಿಯುತ್ತದೆ, ಅಪಧಮನಿ ಬಹುಪಾಲು ಮಾಸಿಹೋಗುತ್ತದೆ. ಆಮೇಲೂ ಗೊತ್ತಾಗದಿದ್ದರೆ ಉಂಗುರದ ಆಚೆಗೂ ನಾಳವನ್ನು ಹಿಂಬಾಲಿಸಿ. ಅಪಧಮನಿ ಇನ್ನೊಂದು ಅಪಧಮನಿಯನ್ನು ದಾಟುವುದಿಲ್ಲ.

ಬಿ.ಪಿ. ರೋಗಿಗಳಲ್ಲಿ ಇನ್ನೊಂದು ಕಾಟ ಇದೆ. ಅಪಧಮನಿಯ ನಡುವಿನ ಹೊಳಪು ಗೆರೆ ದಪ್ಪಗಾಗಿ, ಸಾಫ್ಟ್‌ವೇರ್ ಅದನ್ನೇ ಅಂಚು ಅಂದುಕೊಂಡು ಒಂದು ನಾಳವನ್ನು ಅರ್ಧ ಅಗಲಕ್ಕೆ ಅಳೆಯುತ್ತದೆ, ಇಲ್ಲವೇ ಎರಡು ನಾಳ ಅಂತ ತೋರಿಸುತ್ತದೆ. ಯಂತ್ರ ಹಾಕಿದ ಗೆರೆಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡದೆ ಒಪ್ಪಬೇಡಿ. ನಾಳಗಳು ಒಂದನ್ನೊಂದು ದಾಟುವ ಕಡೆಯೂ ಅಳೆಯಬೇಡಿ, ಅಲ್ಲಿ ಅಭಿಧಮನಿ ಹಿಸುಕಿದಂತೆ ಇರುತ್ತದೆ.

ಶಿಡ್ಲಘಟ್ಟ_ಫಂಡಸ್

ಮೇಲಿನವರು ಪರದೆ ಕಡೆಯಿಂದ ಹೇಳಿದ್ದಾರೆ, ಕ್ಯಾಮೆರಾ ಕಡೆಯದು ನಾನು ಹೇಳ್ತೀನಿ.

ಮೊದಲ ಕಳ್ಳ ಫೋಕಸ್ಸು. ಮಸುಕಾದ ಚಿತ್ರದಲ್ಲಿ ಅಂಚು ಹರಡಿಕೊಂಡು ನಾಳ ಅಗಲ ಕಾಣುತ್ತೆ. ಅದೂ ಒಂದು ನಾಳ ಅಲ್ಲ, ಆರೂ ಒಂದೇ ದಿಕ್ಕಿಗೆ. ಮೇಲಿನ ಉದಾಹರಣೆಯಲ್ಲೇ ಎಲ್ಲ ಆರಕ್ಕೂ ಒಂದೊಂದು ಪಿಕ್ಸೆಲ್ (6.5) ಸೇರಿಸಿ ಲೆಕ್ಕ ಹಾಕಿ: 163.9 ಹೋಗಿ 175.1 ಆಗುತ್ತೆ. ಗ್ರೇಡರ್ ಕೈ ನಡುಗಿದ ತಪ್ಪು ಆರು ನಾಳದಲ್ಲಿ ಅತ್ತ ಇತ್ತ ಆಗಿ ಸ್ವಲ್ಪ ಸಮ ಆಗುತ್ತೆ. ಫೋಕಸ್ ತಪ್ಪು ಸಮ ಆಗೋದೇ ಇಲ್ಲ. ಅದಕ್ಕೆ ಡಿಸ್ಕ್ ಪಕ್ಕದ ಸಣ್ಣ ನಾಳ ನೋಡಿ ಫೋಕಸ್ ಮಾಡಬೇಕು. ದೊಡ್ಡ ನಾಳ ಮಸುಕಾದರೂ ಚೆನ್ನಾಗೇ ಇದೆ ಅನ್ನಿಸಿ ಮೋಸ ಮಾಡುತ್ತೆ. ಆಪರೇಟರ್‌ಗೆ ಚಾಳೀಸು ಬಂದಿದ್ದರೆ ಐಪೀಸ್ ಇರೋ ಕ್ಯಾಮೆರಾದಲ್ಲಿ ಮೊದಲು ಒಳಗಿನ ಗೆರೆಗಳಿಗೆ ಐಪೀಸ್ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಇಡೀ ದಿನದ ಫೋಟೊ ಒಂದೇ ರೀತಿ ಮಸುಕಾಗಿರುತ್ತೆ.

ಎರಡನೇದು ದೂರ. ಕಾರ್ನಿಯಾ ಮೇಲೆ ಬೀಳೋ ಎರಡು ಬೆಳಕಿನ ಚುಕ್ಕಿ ಚೂಪಾಗಿ ಕಾಣುವ ತನಕ ಒತ್ತಬೇಡಿ. ದೂರ ತಪ್ಪಿದರೆ ಚಿತ್ರದ ಸುತ್ತ ಬಿಳಿ ಮಬ್ಬು ಬರುತ್ತೆ, ಹಿಗ್ಗುವಿಕೆಯೂ ಸ್ವಲ್ಪ ಬದಲಾಗುತ್ತೆ. ಡಿಸ್ಕ್ ನಡುವಿಗೆ ಬರಲಿ. ಮ್ಯಾಕುಲಾ (ರೆಟಿನಾದ ನಡುಭಾಗ) ನಡುವಿಗಿಟ್ಟು ತೆಗೆದ ಡಯಾಬಿಟಿಸ್ ಸ್ಕ್ರೀನಿಂಗ್ ಫೋಟೊದಲ್ಲಿ ಜೋನ್ ಬಿ ಅಂಚಿಗೆ ಹೋಗಿ, ಮೂಗಿನ ಕಡೆಯ ನಾಳಗಳು ಅರೆಬೆಳಕಲ್ಲಿ ಕೂತಿರುತ್ತವೆ. ಹಳೇ ಸ್ಕ್ರೀನಿಂಗ್ ಫೋಟೊ ತಂದು ಇದರ ಜೊತೆ ಸೇರಿಸಬೇಡಿ.

ಪಾಪೆ ಹಿಗ್ಗಿಸೋದು ಬೇಕೋ ಬೇಡವೋ ಅಂತ ಚರ್ಚೆ ಆಗ್ತಾ ಇರುತ್ತೆ. ನನ್ನ ಮಾತು: ಏನು ಮಾಡ್ತೀರೋ ಎಲ್ಲರಿಗೂ, ಎರಡೂ ಸಲ ಅದನ್ನೇ ಮಾಡಿ. ಡ್ರಾಪ್ಸ್ ಇಲ್ಲದೆ ತೆಗೆಯುವ ಕ್ಯಾಮೆರಾಗೂ ಸುಮಾರು 4 ಮಿ.ಮೀ. ಪಾಪೆ ಬೇಕು, ವಯಸ್ಸಾದವರಿಗೆ, ಶುಗರ್ ಇರುವವರಿಗೆ ಕತ್ತಲೆ ಕೋಣೆಯಲ್ಲೂ ಅಷ್ಟು ತೆರೆಯೋದು ಕಷ್ಟ. ಹಾಕುವುದಾದರೆ ಬರೀ ಟ್ರಾಪಿಕಮೈಡ್ ಹಾಕಿ, 20ರಿಂದ 30 ನಿಮಿಷ ಕಾಯಿರಿ. ಟ್ರಾಪಿಕಮೈಡ್ ಜೊತೆ ಫಿನೈಲೆಫ್ರಿನ್ ಸೇರಿರುವ ಬಾಟಲಿ ಎಲ್ಲ ಕಡೆ ಸಿಗುತ್ತೆ. ಆದರೆ ಫಿನೈಲೆಫ್ರಿನ್ ನಾಳ ಬಿಗಿ ಮಾಡೋ ಔಷಧಿ. ಬಿ.ಪಿ. ರೋಗಿಗಳಲ್ಲಿ ನಾಳದ ಅಗಲವನ್ನೇ ಅಳೆಯೋ ಕೆಲಸಕ್ಕೆ ಅದನ್ನೇ ತಂದು ಹಾಕೋದು ಏಕೆ? ಹಾಕುವ ಮೊದಲು ಮುಂಗೋಣೆ (ಕಾರ್ನಿಯಾದ ಹಿಂದಿನ ಜಾಗ) ಕಿರಿದಾಗಿಲ್ಲ ಅಂತ ಟಾರ್ಚಿನಲ್ಲೋ ಸ್ಲಿಟ್ ಲ್ಯಾಂಪಿನಲ್ಲೋ ನೋಡಿಕೊಳ್ಳೋದು ಬಿಡಬೇಡಿ.

ಇನ್ನು ಬರುವ ಜನರ ಕಥೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಮುಗಿಸಿ ನೇರವಾಗಿ ಬಂದವರು ಆ ಹೊತ್ತಿಗೆ ಎರಡು ಮೂರು ಲೋಟ ಕಾಫಿ, ಕೆಲವರು ಬೀಡಿ ಮುಗಿಸಿರುತ್ತಾರೆ. ಕೆಫೀನು ರೆಟಿನಾ ನಾಳಗಳನ್ನು ಕಿರಿದು ಮಾಡುತ್ತೆ. ಮೊದಲ ಸಲ ಕಾಫಿ ಕುಡಿದು, ಎರಡನೇ ಸಲ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಬಂದವರು ಅಂದರೆ ನಿಮ್ಮ ಮಾತ್ರೆ ಕೆಲಸ ಮಾಡದೇನೇ ನಾಳ ಅಗಲ ಆಗಿರುತ್ತೆ. ಚೀಟಿಯಲ್ಲಿ ಹೊತ್ತು, ಕೊನೆಯ ಕಾಫಿ ಅಥವಾ ಟೀ, ಬೀಡಿ, ಬೆಳಗಿನ ಮಾತ್ರೆ ನುಂಗಿದ ಸಮಯ ನಾಲ್ಕೂ ಬರೆಯಿರಿ. ಎರಡೂ ಭೇಟಿ ಒಂದೇ ಹೊತ್ತಿಗೆ ಇರಲಿ. ಐದು ನಿಮಿಷ ಕೂರಿಸಿ ಬಿ.ಪಿ. ನೋಡಿ, ಆಮೇಲೆ ಫೋಟೊ.

ಒಂದು ಫ್ಲ್ಯಾಶ್ ಆದ ತಕ್ಷಣ ಇನ್ನೊಂದು ಹೊಡೆಯಬೇಡಿ. ಬೆಳಕು ಮಿನುಗಿದರೆ ನಾಳ ಹಿಗ್ಗುತ್ತೆ ಅನ್ನೋದನ್ನು ಹಿಡಿದೇ ಒಂದು ಪರೀಕ್ಷೆ ಇದೆ. ಪಾಪೆ ಮತ್ತೆ ಅರಳೋ ತನಕ, ಒಂದೆರಡು ನಿಮಿಷ ಬಿಡಿ. ಒಂದು ಕಣ್ಣಿಗೆ ಮೂರು ಫೋಟೊ ಸಾಕು. ನಾಡಿ ಬಡಿತದ ಜೊತೆ ನಾಳ ಶೇಕಡಾ ಒಂದಿಷ್ಟು ಹಿಗ್ಗಿ ಕುಗ್ಗುತ್ತಲೇ ಇರುತ್ತೆ, ಇ.ಸಿ.ಜಿ.ಗೆ ಕಟ್ಟದ ಕ್ಯಾಮೆರಾದಲ್ಲಿ ಯಾವ ಕ್ಷಣ ಸಿಕ್ಕಿತು ಅಂತ ಗೊತ್ತಾಗಲ್ಲ. ಮೂರರ ಸರಾಸರಿ ಅದನ್ನು ಸ್ವಲ್ಪ ತಗ್ಗಿಸುತ್ತೆ.

ಕೊನೆಗೆ ಒಂದು. ಫೋಟೊ ವಾಟ್ಸಾಪ್‌ನಲ್ಲಿ ಕಳಿಸಬೇಡಿ! ಅದು ಚಿತ್ರವನ್ನು ಕುಗ್ಗಿಸಿ, ಒತ್ತಿ, ನಾಳಕ್ಕಿದ್ದ 15 ಪಿಕ್ಸೆಲ್‌ನಲ್ಲೂ ಕೆಲವನ್ನು ತಿಂದು ತಲುಪಿಸುತ್ತೆ. ಒಬ್ಬ ಗ್ರೇಡರ್ ಪೆನ್‌ಡ್ರೈವ್‌ನಿಂದ, ಇನ್ನೊಬ್ಬರು ವಾಟ್ಸಾಪ್‌ನಿಂದ ತೆರೆದು ಅಳೆದರೆ ಆ ಎರಡಕ್ಕೂ ಸಂಬಂಧವೇ ಇರಲ್ಲ.

ಗೌರಿಬಿದನೂರು_ಪಿಜಿ

ಇಷ್ಟೆಲ್ಲ ತಲೆನೋವು ಯಾಕೆ, ಎ.ವಿ. ಅನುಪಾತ (ಅಪಧಮನಿ ಅಗಲ ಭಾಗ ಅಭಿಧಮನಿ ಅಗಲ) ತೆಗೆದುಕೊಂಡರೆ ಮುಗೀತಲ್ಲ? ಮೇಲೂ ಕೆಳಗೂ ಅದೇ ಹಿಗ್ಗುವಿಕೆ, ಹೊಡೆದುಹೋಗುತ್ತೆ. ಪುಸ್ತಕದಲ್ಲೂ 2:3 ಅಂತಲೇ ಇರೋದು.

ದುರ್ಗದಹಳ್ಳಿ (ತುಮಕೂರು)

ಹಿಗ್ಗುವಿಕೆ ಹೊಡೆದುಹೋಗುತ್ತದೆ, ನಿಜ. ಅದರ ಜೊತೆ ಮಾಹಿತಿಯೂ ಹೋಗುತ್ತದೆ. ಅಪಧಮನಿ ಕಿರಿದಾದರೂ ಅನುಪಾತ ಇಳಿಯುತ್ತದೆ, ಅಭಿಧಮನಿ ಅಗಲವಾದರೂ ಇಳಿಯುತ್ತದೆ. ಮೊದಲನೆಯದು ಬಿ.ಪಿ.ಗೆ ಅಂಟಿದ್ದು. ಎರಡನೆಯದು ಬೀಡಿ ಸಿಗರೇಟು, ಉರಿಯೂತ ಇವುಗಳ ಜೊತೆ ಬರುತ್ತದೆ ಅಂತ ದೊಡ್ಡ ಜನಸಮೂಹದ ಅಧ್ಯಯನಗಳಲ್ಲಿ ಕಂಡದ್ದು. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಕಲಸಿಬಿಟ್ಟರೆ ಮಾತ್ರೆಯಿಂದ ಏನಾಯಿತು ಅಂತ ಹೇಳಲಾಗದು. ಫೋಕಸ್ ತಪ್ಪೂ ಪೂರ್ತಿ ಹೊಡೆದುಹೋಗುವುದಿಲ್ಲ. ಮಸುಕಿನಿಂದ ಎಲ್ಲ ನಾಳಕ್ಕೂ ಸೇರುವುದು ಸರಿಸುಮಾರು ಅಷ್ಟೇ ಮೈಕ್ರಾನ್, ಅಷ್ಟೇ ಶೇಕಡಾ ಅಲ್ಲ. ಕಿರಿದಾದ ಅಪಧಮನಿಗೆ ಅದು ದೊಡ್ಡ ಪಾಲು, ಹಾಗಾಗಿ ಅನುಪಾತ ಮೇಲಕ್ಕೇ ಸರಿಯುತ್ತದೆ. ವರದಿಯಲ್ಲಿ ಅನುಪಾತವೂ ಇರಲಿ, ಆದರೆ ಸಿ.ಆರ್.ಎ.ಇ., ಸಿ.ಆರ್.ವಿ.ಇ. ಬೇರೆ ಬೇರೆಯಾಗಿಯೇ ಕೊಡಿ.

ಚಿಂತಾಮಣಿ_ಲೆಕ್ಕ

ಐಸಿಸಿ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಅದು ಯಂತ್ರದ ಗುಣ ಮಾತ್ರ ಅಲ್ಲ, ನೀವು ಆರಿಸಿಕೊಂಡ ಜನರ ಗುಣವೂ ಹೌದು. ಐಸಿಸಿ ಅಂದರೆ ಜನರ ನಡುವಿನ ವ್ಯತ್ಯಾಸ ಒಟ್ಟು ವ್ಯತ್ಯಾಸದಲ್ಲಿ ಎಷ್ಟು ಪಾಲು ಅನ್ನುವುದು. ಅಳತೆಯ ಏರಿಳಿತ 5 ಮೈಕ್ರಾನ್ ಅಂತಿಟ್ಟುಕೊಳ್ಳಿ. ಜನರ ನಡುವಿನ ಹರವು 15 ಇದ್ದರೆ, ಎರಡರ ವರ್ಗ 225 ಮತ್ತು 25, ಹಾಗಾಗಿ 225 ಭಾಗ 250, ಅಂದರೆ 0.90. ಅದೇ ಕ್ಯಾಮೆರಾ, ಅದೇ ಗ್ರೇಡರ್, ಆದರೆ ಎಲ್ಲರೂ ಒಂದೇ ವಯಸ್ಸಿನ, ಒಂದೇ ಬಿ.ಪಿ.ಯವರಾಗಿ ಹರವು 6ಕ್ಕೆ ಇಳಿದರೆ 36 ಭಾಗ 61, 0.59. ತಕ್ಕಡಿ ಬದಲಾಗಲಿಲ್ಲ, ತೂಗಿದ ಸಾಮಾನು ಬದಲಾಯಿತು. 20 ವರ್ಷದವರನ್ನೂ 75 ವರ್ಷದವರನ್ನೂ ಬೆರೆಸಿ ಐಸಿಸಿ ಏರಿಸಿಕೊಂಡ ವರದಿಗಳನ್ನು ಈ ಕಣ್ಣಿನಿಂದ ಓದಬೇಕು. ಪಿಯರ್ಸನ್ ಆರ್ (ಎರಡು ಅಳತೆ ಒಟ್ಟಿಗೆ ಏರಿಳಿಯುತ್ತವೆಯೇ ಅಂತ ಮಾತ್ರ ನೋಡುವ ಸಂಖ್ಯೆ) ಅಂತೂ ಬೇಡವೇ ಬೇಡ. ಒಬ್ಬ ಗ್ರೇಡರ್ ಎಲ್ಲವನ್ನೂ 20 ಮೈಕ್ರಾನ್ ಜಾಸ್ತಿ ಅಳೆದರೂ ಅದು 1 ಅಂತಲೇ ತೋರಿಸುತ್ತದೆ. 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಹೇಳಿದ್ದು ಇದನ್ನೇ.

ನಿಮಗೆ ಬೇಕಾದದ್ದು ಮೈಕ್ರಾನ್‌ನಲ್ಲೇ ಇರುವ ಸಂಖ್ಯೆ. ನಿಮ್ಮ ಐದು ವ್ಯತ್ಯಾಸಗಳ ವರ್ಗ: 81, 16, 36, 121, 9. ಮೊತ್ತ 263. ಜನರ ಸಂಖ್ಯೆಯ ಎರಡು ಪಟ್ಟು, ಅಂದರೆ 10ರಿಂದ ಭಾಗಿಸಿದರೆ 26.3. ವರ್ಗಮೂಲ 5.1. ಇದು ಒಬ್ಬರೊಳಗಿನ ಏರಿಳಿತ. ಇದನ್ನು 2.77ರಿಂದ (1.96 × √2) ಗುಣಿಸಿ: 14.2 ಮೈಕ್ರಾನ್. ಏನೂ ಬದಲಾಗದ ಒಬ್ಬ ವ್ಯಕ್ತಿಯನ್ನು ಎರಡು ಸಲ ಅಳೆದರೆ ವ್ಯತ್ಯಾಸ 100ರಲ್ಲಿ 95 ಸಲ ಇದರೊಳಗೆ ಬೀಳುತ್ತದೆ ಅಂತ ಅರ್ಥ. ಹಾಗಾಗಿ ಒಬ್ಬ ರೋಗಿಗೆ 8 ಮೈಕ್ರಾನ್ ಏರಿದೆ ಅಂತ ಚೀಟಿ ಬರೆದು ಕೊಡಬೇಡಿ.

ಆದರೆ ಇದಕ್ಕೇ ಕೈಚೆಲ್ಲಬೇಕಿಲ್ಲ. ನಿಮ್ಮ ಪ್ರಶ್ನೆ ಒಬ್ಬರದ್ದಲ್ಲ, 40 ಜನರದ್ದು. ವ್ಯತ್ಯಾಸದ ಹರವು 5.1 × √2, ಸುಮಾರು 7.25. ಅದನ್ನು √40ರಿಂದ ಭಾಗಿಸಿದರೆ 1.15. ಸರಾಸರಿ ಬದಲಾವಣೆಯ 95% ಅಂತರ ಹೆಚ್ಚುಕಡಿಮೆ ±2.3 ಮೈಕ್ರಾನ್. ಮಾತ್ರೆಗೆ ಒಬ್ಬೊಬ್ಬರು ಒಂದೊಂದು ರೀತಿ ಸ್ಪಂದಿಸಿದರೆ ಇದು ಇನ್ನಷ್ಟು ಅಗಲವಾಗುತ್ತದೆ, ಆದರೂ ಗುಂಪಿನ ಸರಾಸರಿ 4 ಏರಿದರೆ ಹೇಳಲು ಆಧಾರ ಇರುತ್ತದೆ. ಒಬ್ಬರಲ್ಲಿ ಕಾಣದ್ದು ಗುಂಪಿನಲ್ಲಿ ಕಾಣುತ್ತದೆ. ಒಂದು ಷರತ್ತು: ತಪ್ಪು ಎಲ್ಲರಿಗೂ ಒಂದೇ ದಿಕ್ಕಿಗೆ ಬಿದ್ದಿರಬಾರದು. ಶಿಡ್ಲಘಟ್ಟದವರು ಹೇಳಿದ ಫೋಕಸ್ ತಪ್ಪು ಎರಡನೇ ಸುತ್ತಿನಲ್ಲಿ ಮಾತ್ರ ಬಂದರೆ, 40 ಅಲ್ಲ, 4000 ಜನರನ್ನು ತಂದರೂ ಅದು ಕರಗುವುದಿಲ್ಲ.

ಐದು ಜನರಿಂದ ಬಂದ 5.1ನ್ನೂ ಪೂರ್ತಿ ನೆಚ್ಚಬೇಡಿ. ಅದರ ಅನಿಶ್ಚಿತತೆ ಸುಮಾರು 1.96 ಭಾಗ √(2n(m−1)). ಇಲ್ಲಿ n ಜನರ ಸಂಖ್ಯೆ, m ಒಬ್ಬೊಬ್ಬರಿಗೆ ಎಷ್ಟು ಸಲ. 5 ಜನ, 2 ಸಲ ಅಂದರೆ ಶೇ. 62. 30 ಜನ 2 ಸಲ, ಶೇ. 25. 30 ಜನ 3 ಸಲ, ಶೇ. 18. ಶೇ. 10ಕ್ಕೆ ಇಳಿಸಬೇಕಾದರೆ 96 ಜನರನ್ನು ಮೂರು ಸಲ ಕರೆಸಬೇಕು, ಅದು ನಮ್ಮಲ್ಲಿ ಆಗದ ಮಾತು. 30 ಜನ, ವಾರದ ಅಂತರದಲ್ಲಿ 2 ಸಲ. ಇಷ್ಟಾದರೂ ಮುಖ್ಯ ಕೆಲಸಕ್ಕೆ ಮೊದಲು ಮುಗಿಸಿ. ಎರಡೂ ಕಣ್ಣು ಅಳೆದು 60 ಅಂತ ಎಣಿಸಬೇಡಿ, ಒಬ್ಬರ ಎರಡು ಕಣ್ಣು ಒಡಹುಟ್ಟಿದವು, ಬಿಡಿ ಸಾಕ್ಷಿಗಳಲ್ಲ.

ಮೂರು ಫೋಟೊ ಸರಾಸರಿ ಎಷ್ಟು ಕೊಡುತ್ತದೆ ಅನ್ನುವುದಕ್ಕೂ ಒಂದು ಮಿತಿ ಇದೆ. 26.3ರಲ್ಲಿ 16 ಅದೇ ಕೂರಿಕೆಯ ತಪ್ಪು, ಉಳಿದ 10.3 ದಿನದಿಂದ ದಿನಕ್ಕೆ ದೇಹ ಬದಲಾಗುವುದು ಅಂತ ಊಹಿಸೋಣ. ಮೂರು ಫೋಟೊದಿಂದ 16 ಇಳಿದು 5.3 ಆಗುತ್ತದೆ, 10.3 ಹಾಗೇ ಇರುತ್ತದೆ. ಕೂಡಿದರೆ 15.6, ಏರಿಳಿತ 3.95, 2.77ರಿಂದ ಗುಣಿಸಿದ ಮಿತಿ 10.9. 14.2ರಿಂದ 10.9ಕ್ಕೆ ಬಂದಿರಿ. ಹತ್ತು ಫೋಟೊ ತೆಗೆದರೂ 9.5ಕ್ಕಿಂತ ಕೆಳಗೆ ಬರುವುದಿಲ್ಲ, ರೋಗಿಯ ಕಣ್ಣಲ್ಲಿ ನೀರು ಮಾತ್ರ ಬರುತ್ತದೆ.

ಅಂತರಗಂಗೆ_07 (ಕೋಲಾರ)

ಎಲ್ಲರಿಗೂ ಧನ್ಯವಾದ. −11 ಬಂದವರ ಫೋಟೊ ಅಕ್ಕಪಕ್ಕ ಇಟ್ಟು ನೋಡಿದೆವು, ಮೇಲ್ಗಡೆ ಟೆಂಪೊರಲ್ (ಕಿವಿ ಕಡೆಯ) ಅಪಧಮನಿ ಎರಡನೇ ಸಲ ಅಭಿಧಮನಿ ಪಟ್ಟಿಗೆ ಹೋಗಿದೆ. ಅಲ್ಲಿಗೆ ಒಂದು ಬಗೆಹರಿಯಿತು. ಇನ್ನೆರಡು ಪ್ರಶ್ನೆ. ಕಣ್ಣಿನ ಉದ್ದ ಅಳೆಯಲು ಬಯೋಮೆಟ್ರಿ ಎಲ್ಲರಿಗೂ ಮಾಡಿಸಬೇಕೇ? ನಡುವೆ ಪೊರೆ ಆಪರೇಷನ್ ಮಾಡಿಸಿಕೊಂಡವರನ್ನು ಏನು ಮಾಡುವುದು? ಓಸಿಟಿ ಆಂಜಿಯೋ ಬಗ್ಗೆ ಯಾರೂ ಹೇಳಲಿಲ್ಲ.

ತಿಪಟೂರು_ಓಸಿಟಿ

ಉದ್ದದ ಪ್ರಶ್ನೆಗೆ ಮೊದಲು. ದೊಡ್ಡವರ ಕಣ್ಣು 6 ತಿಂಗಳಲ್ಲಿ ಉದ್ದವಾಗುವುದಿಲ್ಲ. ಅದೇ ಕಣ್ಣನ್ನು ಮೊದಲು ಮತ್ತು ಆಮೇಲೆ ಹೋಲಿಸುವುದಾದರೆ ಹಿಗ್ಗುವಿಕೆ ಎರಡೂ ಕಡೆ ಒಂದೇ, ಬಯೋಮೆಟ್ರಿ ಇಲ್ಲದೆ ನಡೆಯುತ್ತದೆ. ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದಾದರೆ ಬೇಕೇ ಬೇಕು. ಚಿತ್ರದ ಅಳತೆಯನ್ನು ರೆಟಿನಾದ ನಿಜ ಅಳತೆಗೆ ತರುವ ಬೆನೆಟ್ ಸೂತ್ರದಲ್ಲಿ ಕಣ್ಣಿನ ಪಾಲು 0.01306 × (ಉದ್ದ − 1.82). 24 ಮಿ.ಮೀ. ಕಣ್ಣಿಗೂ 26 ಮಿ.ಮೀ. ಕಣ್ಣಿಗೂ ಇದರಲ್ಲಿ ಶೇ. 9 ವ್ಯತ್ಯಾಸ. 150 ಮೈಕ್ರಾನ್ ಮೇಲೆ ಅದು 13ಕ್ಕಿಂತ ಹೆಚ್ಚು, ನೀವು ಹುಡುಕುತ್ತಿರುವ ಬದಲಾವಣೆಗಿಂತ ದೊಡ್ಡದು. ಪಿಕ್ಸೆಲ್‌ನಿಂದ ಮೈಕ್ರಾನ್‌ಗೆ ಹೋಗಲು ಡಿಸ್ಕ್ ವ್ಯಾಸವನ್ನು ಸರಾಸರಿ 1800 ಅಥವಾ 1850 ಮೈಕ್ರಾನ್ ಅಂತ ಹಿಡಿಯುವ ರೂಢಿ ಇದೆ. ಅದನ್ನು ಒಂದೊಂದು ಫೋಟೊಗೂ ಬೇರೆ ಬೇರೆ ಮಾಡಬೇಡಿ. ಡಿಸ್ಕ್ ಅಂಚನ್ನು ಶೇ. 5 ತಪ್ಪಿ ಗುರುತು ಹಾಕಿದರೆ ಎಲ್ಲ ನಾಳವೂ ಶೇ. 5 ಬದಲಾಗುತ್ತದೆ, ದೂರದ್ದು ಮಸುಕಾಗಿ ಕಾಣುವ (ಮೈನಸ್ ಪವರ್) ಕಣ್ಣಿನಲ್ಲಿ ಡಿಸ್ಕ್ ಪಕ್ಕದ ಬಿಳಿ ಅರ್ಧಚಂದ್ರವನ್ನೂ ಡಿಸ್ಕ್ ಅಂತಲೇ ಸೇರಿಸಿಬಿಡುತ್ತಾರೆ. ಕ್ಯಾಮೆರಾಗೆ ಒಂದೇ ಗುಣಕ ಕಟ್ಟಿ, ಕೊನೆಯವರೆಗೂ ಅದನ್ನೇ ಇಡಿ.

ಪೊರೆ ತೆಗೆದು ಲೆನ್ಸ್ ಹಾಕಿಸಿಕೊಂಡ ಕಣ್ಣಿನಲ್ಲಿ ಬೆಳಕಿನ ದಾರಿಯೇ ಬೇರೆ, ಚಿತ್ರದ ಸ್ಪಷ್ಟತೆಯೂ ಬೇರೆ. ಮೊದಲಿನ ಮಬ್ಬು ಫೋಟೊ ಜೊತೆ ಹೋಲಿಸುವಂತಿಲ್ಲ. ಇನ್ನೊಂದು ಕಣ್ಣನ್ನು ಮೊದಲ ದಿನದಿಂದಲೇ ಅಳೆದಿಟ್ಟಿದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಆ ವ್ಯಕ್ತಿಯನ್ನು ಬಿಟ್ಟು, ಬಿಟ್ಟ ಕಾರಣ ಬರೆಯಿರಿ.

ಈಗ ಓಸಿಟಿ ಆಂಜಿಯೋ. ನಡುದಾರಿಯಲ್ಲಿ ಹಾರಬೇಡಿ. ಫಂಡಸ್ ಫೋಟೊ ತೋರಿಸುವುದು ದೊಡ್ಡ ನಾಳದೊಳಗಿನ ರಕ್ತದ ಕಂಬವನ್ನು. ಗೋಡೆ ಅದರಲ್ಲಿ ಕಾಣುವುದಿಲ್ಲ. ಆಂಜಿಯೋ ತೋರಿಸುವುದು ಚಲಿಸುವ ರಕ್ತಕಣಗಳನ್ನು: ಅದೇ ಜಾಗವನ್ನು ಕೆಲವೇ ಮಿಲಿಸೆಕೆಂಡ್ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಬದಲಾದದ್ದನ್ನೆಲ್ಲ ರಕ್ತದ ಹರಿವು ಅನ್ನುತ್ತದೆ. ತೀರ ನಿಧಾನವಾಗಿ ಹರಿದರೆ ನಾಳ ಇದ್ದರೂ ಕಾಣುವುದಿಲ್ಲ, ಕಣ್ಣು ಅಲುಗಿದರೆ ನಾಳ ಇಲ್ಲದೆಯೂ ಗೆರೆ ಬರುತ್ತದೆ. ಇದು ಕೊಡುವುದು ಮುಖ್ಯವಾಗಿ ಕ್ಯಾಪಿಲರಿಗಳ ದಟ್ಟಣೆ. ಸಿ.ಆರ್.ಎ.ಇ. ಜೊತೆ ಅದನ್ನು ಕೂಡಿಸಲೂ ಬರುವುದಿಲ್ಲ, ಕಳೆಯಲೂ ಬರುವುದಿಲ್ಲ.

ಹೆಸರಿನ ಗೊಂದಲವೇ ಒಂದು ಗುಂಡಿ. ಜೈಸ್ ಕಂಪನಿಯ ಸಿರಸ್ ಯಂತ್ರದಲ್ಲಿ 'ವೆಸೆಲ್ ಡೆನ್ಸಿಟಿ' ಅಂದರೆ ಒಂದು ಚದರ ಮಿ.ಮೀ.ಗೆ ಎಷ್ಟು ಮಿ.ಮೀ. ಉದ್ದದ ನಾಳ ಅಂತ, ವಿಸ್ತೀರ್ಣದ ಪಾಲಿಗೆ ಅಲ್ಲಿ 'ಪರ್ಫ್ಯೂಷನ್ ಡೆನ್ಸಿಟಿ' ಅನ್ನುತ್ತಾರೆ. ಆಪ್ಟೊವ್ಯೂ ಕಂಪನಿಯ ಆಂಜಿಯೋವ್ಯೂ ಯಂತ್ರದಲ್ಲಿ 'ವೆಸೆಲ್ ಡೆನ್ಸಿಟಿ'ಯೇ ಶೇಕಡಾವಾರು ವಿಸ್ತೀರ್ಣ. ಎರಡು ಯಂತ್ರದ ಎರಡು ಲೇಖನ ಓದಿ ಒಂದೇ ಕೋಷ್ಟಕದಲ್ಲಿ ಹಾಕಿಬಿಡುತ್ತಾರೆ. 3×3 ಮತ್ತು 6×6 ಮಿ.ಮೀ. ಸ್ಕ್ಯಾನ್ ಸಂಖ್ಯೆಗಳನ್ನೂ ಬೆರೆಸಬೇಡಿ. ಆಂಜಿಯೋವ್ಯೂನ 3 ಮಿ.ಮೀ.ನಲ್ಲಿ 304 ಬಿಂದು ಅಂದರೆ 10 ಮೈಕ್ರಾನ್‌ಗೊಂದು, 6 ಮಿ.ಮೀ.ನಲ್ಲಿ 400 ಅಂದರೆ 15ಕ್ಕೊಂದು. ಕ್ಯಾಪಿಲರಿಯೇ 5ರಿಂದ 10 ಮೈಕ್ರಾನ್. ಹಾಗಾಗಿ ಚಿತ್ರದಲ್ಲಿ ಪ್ರತಿ ಕ್ಯಾಪಿಲರಿಯೂ ಇರುವುದಕ್ಕಿಂತ ದಪ್ಪ, ಶೇಕಡಾ ದಟ್ಟಣೆಯೂ ಇರುವುದಕ್ಕಿಂತ ಜಾಸ್ತಿ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಸಿಗ್ನಲ್, ಅಂದರೆ ಕಣ್ಣಿನಿಂದ ಯಂತ್ರಕ್ಕೆ ಮರಳುವ ಬೆಳಕಿನ ಬಲ. ಸಿಗ್ನಲ್ ಇಳಿದರೆ ದಟ್ಟಣೆ ಇಳಿಯುತ್ತದೆ, ರೋಗ ಇರಲಿ ಬಿಡಲಿ. ಸಿರಸ್‌ನಲ್ಲಿ 10ಕ್ಕೆ 7ರ ಕೆಳಗಿನದನ್ನು ಬಿಸಾಕುವುದು ರೂಢಿ, ಅಷ್ಟು ಸಾಲದು: ಮೊದಲ ಸಲ 9, ಎರಡನೇ ಸಲ 7 ಬಂದರೆ ಎರಡೂ ಪಾಸು, ಹೋಲಿಕೆ ಮಾತ್ರ ಫೇಲು. ಎರಡು ಭೇಟಿಯ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಇರದಂತೆ ನೋಡಿ. ಸ್ಕ್ಯಾನಿಗೆ ಮುಂಚೆ ಎರಡು ಮೂರು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆಸಿ, ಒಣಗಿದ್ದರೆ ಒಂದು ಹನಿ ಕೃತಕ ಕಣ್ಣೀರು, ಯಂತ್ರದ ಗಾಜು ಒರೆಸಿ. ಬೇಸಿಗೆಯಲ್ಲಿ ನಮ್ಮ ಕಡೆ ಧೂಳು ಬೆಳಗ್ಗೆ ಒರೆಸಿದ ಗಾಜನ್ನು ಮಧ್ಯಾಹ್ನಕ್ಕೆ ಮತ್ತೆ ಮುಚ್ಚಿರುತ್ತದೆ.

ಇಲ್ಲೂ ಕಣ್ಣಿನ ಉದ್ದ ಬಿಡುವುದಿಲ್ಲ. ಆಂಜಿಯೋವ್ಯೂ ಎಲ್ಲರ ಕಣ್ಣನ್ನೂ 23.95 ಮಿ.ಮೀ. ಅಂತ, ಸಿರಸ್ 24.46 ಅಂತ ಹಿಡಿದು ಲೆಕ್ಕ ಹಾಕುತ್ತದೆ. 26 ಮಿ.ಮೀ. ಕಣ್ಣಿನಲ್ಲಿ ಆಂಜಿಯೋವ್ಯೂನ 3 ಮಿ.ಮೀ. ನಿಜಕ್ಕೂ 3.28. ಫೋವಿಯಾ (ಮ್ಯಾಕುಲಾದ ನಟ್ಟನಡುವಿನ ಗುಳಿ) ನಡುವಿನ ನಾಳವಿಲ್ಲದ ಜಾಗ 0.30 ಚದರ ಮಿ.ಮೀ. ಅಂತ ಬರೆದದ್ದು ನಿಜಕ್ಕೂ 0.36.

ಬೇಕಿದ್ದರೆ ಆಂಜಿಯೋವನ್ನು ಮೊದಲ ದಿನದಿಂದ ಬೇರೆ ಅಧ್ಯಯನವಾಗಿ ಶುರು ಮಾಡಿ. ಈಗಾಗಲೇ ಫೋಟೊ ಆಗಿರುವ 40 ಜನರನ್ನು ಫೋಟೊದಲ್ಲೇ ಮುಗಿಸಿ.

ಶಿಡ್ಲಘಟ್ಟ_ಫಂಡಸ್

ಒಂದು ಮರೆತಿದ್ದೆ. ನಡುವೆ ಕ್ಯಾಮೆರಾ ಸರ್ವೀಸಿಗೆ ಹೋದರೆ, ಫ್ಲ್ಯಾಶ್ ಟ್ಯೂಬ್ ಬದಲಾದರೆ, ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ತಾರೀಖು ಬರೆದಿಡಿ. ಅಪ್‌ಡೇಟ್ ಕೇಳಿದರೂ ಸದ್ಯಕ್ಕೆ ಬೇಡ ಅನ್ನಿ. ಬಿ.ಪಿ. ಇಲ್ಲದ ಸಿಬ್ಬಂದಿ ಒಂದು ನಾಲ್ಕೈದು ಜನರ ಫೋಟೊ ಪ್ರತಿ ತಿಂಗಳೂ ಅದೇ ರೀತಿ ತೆಗೆದು ಅದೇ ರಾಶಿಗೆ ಹಾಕಿ. ಅವರ ನಾಳವೂ ಒಟ್ಟಿಗೆ 5 ಮೈಕ್ರಾನ್ ಏರಿದರೆ ಮಾತ್ರೆಯದ್ದಲ್ಲ, ಕ್ಯಾಮೆರಾದ್ದು.

ದುರ್ಗದಹಳ್ಳಿ (ತುಮಕೂರು)

ಮತ್ತು ಗ್ರೇಡರ್‌ಗೆ ಯಾವುದು ಮೊದಲಿನದು, ಯಾವುದು ಆಮೇಲಿನದು ಗೊತ್ತಾಗಬಾರದು. ಈಗಿನ ಫೈಲ್ ಹೆಸರಲ್ಲಿ ತಾರೀಖು ಇದ್ದೇ ಇರುತ್ತದೆ. ಯಾರಾದರೂ ಒಬ್ಬರು ಹೆಸರು ಬದಲಿಸಿ, ಬೆರೆಸಿ, ಹತ್ತಕ್ಕೊಂದು ಫೋಟೊ ಎರಡು ಸಲ ಸೇರಿಸಿ ಕೊಡಲಿ, ಯಾವ ಹೊಸ ಹೆಸರು ಯಾವ ಫೋಟೊದ್ದು ಅನ್ನುವ ಪಟ್ಟಿ ಅವರ ಹತ್ತಿರವೇ ಇರಲಿ. ನಾಳದ ಗುರುತು ಮಾತ್ರ ತಾರೀಖು ಇಲ್ಲದ ಒಂದು ನಕ್ಷೆಯಾಗಿ ಪ್ರತಿ ಕಣ್ಣಿಗೂ ಜೊತೆಗಿಡಿ: ಈ ಆರು ಅಪಧಮನಿ, ಈ ಆರು ಅಭಿಧಮನಿ, ಕವಲೊಡೆದಿದ್ದರೆ ಬುಡ ಅಳೆಯಬೇಕೋ ಕವಲೋ. ಆ ನಕ್ಷೆ ಇದ್ದಿದ್ದರೆ ನಿಮ್ಮ −11 ಬರುತ್ತಲೇ ಇರಲಿಲ್ಲ.